ಮಡಿವಾಳಪ್ಪನ ಲೆವೆಲ್ ಪೈಪು

ಕಳೆದ ನವೆಂಬರ್. ರಾತ್ರಿ ಹನ್ನೊಂದು ದಾಟಿತ್ತು. ನನ್ನ ಕಾಕಾನ ಮಗ ಬಸವಪ್ರಭು ಬೈರಿದೇವರಕೊಪ್ಪದಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದಿದ್ದ. ಆ ದಾರಿಯಲ್ಲಿ ಒಂದು ಬಾವಿ... ಬಾವಿಯ ಮಗ್ಗುಲಿಗೆ ಮಡಿವಾಳಪ್ಪನ ಸಮಾಧಿ.

ಮಡಿವಾಳಪ್ಪ ಗೋಡೆ ಕಟ್ಟುವ ಗೌಂಡಿ. ನಸುಕಿನಲ್ಲಿ ತನ್ನ ಎರಡು ಎಕರೆಯಲ್ಲಿ ದುಡಿದು, ಒಂಬತ್ತಕ್ಕೆ ಸರಿಯಾಗಿ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಿದ್ದ. ನಾನು ಕಂಡಂತೆ ಒಮ್ಮೆಯೂ ತಡಮಾಡಿದವನಲ್ಲ. ಪೈಪಿಗೆ ನೀರು ತುಂಬಿ ಮಟ್ಟ ನೋಡದೆ ಒಂದು ಇಟ್ಟಂಗಿ ಇಡುತ್ತಿರಲಿಲ್ಲ. ಬಸವಪ್ರಭುವಿನ ಮನೆ ಕಟ್ಟುವಾಗ ಪೈಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಬಸವಪ್ರಭುವಿನ ಕೈಯಲ್ಲಿ. ಎರಡೂ ತುದಿಯಲ್ಲಿ ನೀರು ನಿಂತ ಎತ್ತರಕ್ಕೆ ಗುರುತು ಹಾಕುತ್ತಿದ್ದರು; ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ತಪ್ಪುತ್ತಿತ್ತು. ಗೋಡೆ ಸರಿಯಾಗೇ ಇದೆಯಲ್ಲ ಎಂದು ನಾನೊಮ್ಮೆ ಅಂದದ್ದಕ್ಕೆ, “ದೊಡ್ಡ ಸಾಲಿ ಕಲ್ತೀರಿ ಸರ್, ಖರೇ. ನೀರಿನಷ್ಟು ಶಾಣ್ಯಾ ಅಲ್ರಿ ನೀವು” ಎಂದಿದ್ದ.

ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತಿ, ಬಾವಿಯ ಕಟ್ಟೆಗೆ ಕೂತವನು ಏಳಲಿಲ್ಲ. ಯಾರೂ ಜೋರಾಗಿ ಅಳಲಿಲ್ಲ. ಹೆಂಡತಿ ಹನುಮವ್ವ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ಸಮಾಧಿಯ ಮೇಲೆ ಕಟ್ಟೆ ಕಟ್ಟಿಸುವ ಹೊಣೆ ಬಸವಪ್ರಭು ಹೊತ್ತ. ಆಳುಗಳಿಗೆ ಅವಸರ ಮಾಡಿ, ಕಣ್ಣಂದಾಜಿನ ಮೇಲೆ ಮುಗಿಸಿಬಿಟ್ಟ. ಮಾಡಬಾರದಿತ್ತು. ಮುಂದಿನ ವಾರ ಮಳೆ ಬಂದು ಒಂದು ಮೂಲೆಯಲ್ಲಿ ನೀರು ನಿಂತಿತು. ಹನುಮವ್ವ ಬೈಯಲಿಲ್ಲ. “ನೀರು ನಿಂತೈತಿ, ತಮ್ಮಾ” ಎಂದಳು. ಅಷ್ಟೇ. ಅವತ್ತಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಆದರೂ ಒಡೆಸಿ ಕಟ್ಟಿಸುವ ಮನಸ್ಸಾಗಲಿಲ್ಲ.

ಆ ರಾತ್ರಿ ಬಾವಿ ದಾಟುವಾಗ ಸಪ್ಪಳ. ಸರ್ರ್... ಸರ್ರ್... ಒಣ ಹೆಂಟೆಗಳ ಮೇಲೆ ಪೈಪು ಎಳೆದಂತೆ. ಆಮೇಲೆ, ಗುಳುಕ್... ಪೈಪಿನೊಳಗಿನ ಗಾಳಿ ಮೇಲೇರುವ ಸಪ್ಪಳ. ಅವನು ನೀರು ನಿಂತ ಮೂಲೆಯ ತನಕ ಹೋದ. ಆಚೆ ಬರೀ ಕತ್ತಲೆ.

“ಹಿಡೀರಿ.”

ಪಿಸುಮಾತು. ಕೈ ತಾನಾಗಿ ಮುಂದೆ ಹೋಯಿತು. ತಣ್ಣನೆಯ ತುದಿ ಬೆರಳಿಗೆ ಸಿಕ್ಕಿತು.

“ಗುಳ್ಳಿ ಐತೇನ್ರಿ?”

“ಇಲ್ಲ...”

“ಅಲುಗಬ್ಯಾಡ್ರಿ.”

ಅಂಜಿಕೆ ಆಗಲಿಲ್ಲವಂತೆ. ಏನೂ ಆಗಲಿಲ್ಲವಂತೆ. ತುದಿಯನ್ನು ಅಲುಗದಂತೆ ಹಿಡಿದಿದ್ದ.

“ಗುರುತ ಹಾಕ್ರಿ.”

ಕಾಲ ಬಳಿ ಸಿಕ್ಕ ಇಟ್ಟಂಗಿ ಚೂರಿನಿಂದ ಕಟ್ಟೆಯ ಮಗ್ಗುಲಿಗೆ ಒಂದು ಗೆರೆ ಎಳೆದ. ತಲೆಯೆತ್ತುವಷ್ಟರಲ್ಲಿ ಕೈಯಲ್ಲಿ ಏನೂ ಇರಲಿಲ್ಲ.

ಕೇಳಿದ್ದನ್ನು ನಾನು ನಂಬುವವನಲ್ಲ. ಬೆಳಿಗ್ಗೆ ಟೇಪು ಹಿಡಿದು ಹೋದೆ. ಅವನು ಎಳೆದದ್ದು ಒಂದೇ ಗೆರೆ. ಕಟ್ಟೆಯ ನಾಲ್ಕೂ ಮೂಲೆಗೆ ಗೆರೆಗಳಿದ್ದವು. ಮೂರು ಕಡೆ ಗೆರೆಯಿಂದ ಕಟ್ಟೆಯ ಮೇಲಂಚಿಗೆ ಒಂಬತ್ತು ಇಂಚು. ನೀರು ನಿಂತ ಮೂಲೆಯಲ್ಲಿ ಎಂಟು. ಆ ಒಂದು ಇಂಚನ್ನು ಅಂದೇ ಏರಿಸಿದೆವು.

ಸಂಜೆ ಹನುಮವ್ವನ ಮನೆಗೆ ಹೋದೆವು. ಪೈಪು ಪಡಸಾಲೆಯ ಮೊಳೆಗೆ ಸುತ್ತಿ ತೂಗುಹಾಕಿತ್ತು, ಎರಡೂ ತುದಿ ಮೇಲಕ್ಕೆ ಕಟ್ಟಿ. ಗಂಡ ಕೆಲಸ ಮುಗಿದ ಕೂಡಲೇ ಊದಿ ನೀರು ಖಾಲಿ ಮಾಡಿಯೇ ಇಡುತ್ತಿದ್ದ ಎಂದಳು. ಅವನು ಸತ್ತಮೇಲೆ ಯಾರೂ ಮುಟ್ಟಿಲ್ಲ ಎಂದಳು.

ನಾನೇ ಇಳಿಸಿದೆ, ಈ ಕೈಯಿಂದ. ಸುಳ್ಳೆನಿಸಿದರೆ ಅವಳನ್ನೇ ಹೋಗಿ ಕೇಳಿ. ಪೈಪಿನ ತುಂಬ ನೀರಿತ್ತು... ಒಂದು ಗುಳ್ಳೆಯೂ ಇರಲಿಲ್ಲ.