ಜಡ್ಜ್ ಸಾಹೇಬರ ಖರ್ಚಿನ ಪಟ್ಟಿ

...ಇಲ್ಲ ಅಕ್ಕ, ಮೊದಲು ಪೂರ್ತಿ ಕೇಳು, ಆಮೇಲೆ ಆ ಕೆಂಪು ಪೆನ್ಸಿಲ್ ಎತ್ಕೋ. ನಿನ್ನದೇ ಕಾನೂನು ತಾನೆ? ಈ ಮನೆಯಲ್ಲಿ ಸಾವಿರ ದಾಟಿದ ಯಾವ ಖರ್ಚಾದರೂ ಬರವಣಿಗೆಯಲ್ಲಿ ಬರಬೇಕು, ಎರಡು ಪ್ರತಿ, ಭಾನುವಾರ ಬೆಳಿಗ್ಗೆ, ಊಟದ ಮೇಜಿನ ಮೇಲೆ. ತಂದಿದ್ದೀನಿ. ಎರಡು ಪ್ರತಿ. ನಿನ್ನದು ದಪ್ಪಕ್ಷರದ್ದು, ಕನ್ನಡಕ ಸಿಗಲಿಲ್ಲ ಅನ್ನೋ ನೆಪ ಬೇಡ ಅಂತ.

ಹೌದು, ನಾಯಿ. ಸರಿಯಾಗೇ ಓದಿದೆ. ‘ಮನೆಯಲ್ಲಿ ಒಂದು ನಾಯಿ ಸಾಕುವ ವಾರ್ಷಿಕ ಖರ್ಚು, ಅಂದಾಜು ಪಟ್ಟಿ.’

ಯಾಕೆ ಹಾಗೆ ನೋಡ್ತೀಯ? ಜ್ವರ ಇಲ್ಲ. ಬೇಕಾದರೆ ಹಣೆ ಮುಟ್ಟಿ ನೋಡು... ಮುಟ್ಟೇಬಿಟ್ಟೆಯಲ್ಲ. ಇಲ್ಲ ಅಂದೆ ತಾನೆ?

ಗೊತ್ತು, ಗೊತ್ತು. ಹೋದ ವರ್ಷ ಕಾಲೇಜಿನ ಪತ್ರಿಕೆಗೆ ‘ನಾಯಿ ಸಾಕುವವರ ಮೂರ್ಖತನ’ ಅಂತ ಲೇಖನ ಬರೆಯೋಕೆ ಹೊರಟವನು ನಾನೇ. ನಾಯಿಗೆ ಕೇಕ್ ಕತ್ತರಿಸೋ ಪಕ್ಕದ ಮನೆಯವರನ್ನ ‘ಬುದ್ಧಿ ಅಡವಿಟ್ಟವರು’ ಅಂದವನೂ ನಾನೇ. ಅಂಕಿ ಬದಲಾದರೆ ಅಭಿಪ್ರಾಯವೂ ಬದಲಾಗಬೇಕು ಅಕ್ಕ. ಮೂವತ್ತು ವರ್ಷದಿಂದ ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ಇದೊಂದನ್ನೇ ಹೇಳ್ಕೊಂಡು ಸಂಬಳ ತಿಂದಿದ್ದೀನಿ.

ಸಾಲು ಒಂದು. ಊಟ. ಇಪ್ಪತ್ತೆರಡು ಕಿಲೋ ತೂಕದ ನಾಯಿ... ಹೌದು, ತೂಕ ಗೊತ್ತು, ತೂಗಿದ್ದಾರೆ. ಬೆಳಿಗ್ಗೆ ಅನ್ನ, ಮೊಟ್ಟೆ. ಸಂಜೆ ಮಾಂಸ. ತರಕಾರಿ ಹಾಕಬಹುದು, ಆದರೆ ಕ್ಯಾರೆಟ್ ಮಾತ್ರ ಆರಿಸಿ ತೆಗೆದು ಬಟ್ಟಲ ಪಕ್ಕ ಸಾಲಾಗಿ ಇಡುತ್ತೆ. ಸಾಲಾಗಿ, ಅಕ್ಕ. ನಮ್ಮ ಪ್ರಿನ್ಸಿಪಾಲರ ಮೇಜಿನ ಮೇಲೂ ಅಷ್ಟು ಶಿಸ್ತು ನೋಡಿಲ್ಲ.

ಎರಡು, ಲಸಿಕೆ, ವರ್ಷಕ್ಕೊಮ್ಮೆ. ಮೂರು, ಜಂತುಹುಳದ ಮಾತ್ರೆ, ಮೂರು ತಿಂಗಳಿಗೊಮ್ಮೆ. ನಾಲ್ಕು, ಉಣ್ಣಿಗೆ ಔಷಧಿ. ಐದು, ಕತ್ತಿನ ಬೆಲ್ಟು, ಹಗ್ಗ. ಆರು, ಸೋಪು, ಟವೆಲು. ನಿನ್ನ ಟವೆಲ್ ಅಲ್ಲ, ಬೇರೆ ಟವೆಲು, ಅದಕ್ಕೇ ಲೆಕ್ಕದಲ್ಲಿ ಹಿಡಿದಿದ್ದೀನಿ. ಏಳು, ಚಪ್ಪಲಿ ನಾಶ ನಿಧಿ.

ನಗು, ನಗು. ನಲವತ್ತೊಂದು ನಾಯಿ ಮನೆಗಳನ್ನ ವಿಚಾರಿಸಿ ಬಂದ ಅಂಕಿ ಅದು. ಒಂದು ನಾಯಿ ವರ್ಷಕ್ಕೆ ಸರಾಸರಿ ಎರಡೂಕಾಲು ಜೊತೆ ಚಪ್ಪಲಿ ತಿನ್ನುತ್ತೆ. ಕಾಲು ಜೊತೆ ಅಂದರೆ ಅರ್ಧ ಚಪ್ಪಲಿ, ಹೌದು. ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಮನೆಯಲ್ಲಿ ಆ ಅರ್ಧವನ್ನ ಕಣ್ಣಾರೆ ನೋಡಿದೆ, ಮೇಷ್ಟ್ರು ಅದನ್ನೇ ಹಾಕ್ಕೊಂಡು ಓಡಾಡ್ತಿದ್ದರು. ನಮ್ಮ ಜಡ್ಜ್ ಸಾಹೇಬರಿಗೆ ಒಂಬತ್ತು ವರ್ಷ, ಹಲ್ಲೂ ಎರಡು ಕಮ್ಮಿ, ಅಷ್ಟು ಹಾವಳಿ ಇರಲ್ಲ. ಆದರೂ ನೀನು ಬಾಗಿಲ ಹತ್ತಿರ ಬಿಡ್ತೀಯಲ್ಲ, ಆ ನೀಲಿ ಚಪ್ಪಲಿ, ಅದಕ್ಕೆ ಮಾತ್ರ ನಾನು ಜವಾಬ್ದಾರನಲ್ಲ.

...ಹೆಸರು ಬಾಯಿಗೆ ಬಂತಾ? ಬಂತು. ಸರಿ. ಹೌದು, ನಾಯಿ ಯಾವುದು ಅಂತ ಆಗಲೇ ಗೊತ್ತಾಗಿದೆ. ಮಾರ್ಕೆಟ್ ಹಿಂದೆ ನಾಯಿ ಆಸ್ಪತ್ರೆ ಇದೆಯಲ್ಲ, ಅಲ್ಲಿನ ಡಾಕ್ಟರಮ್ಮನ ಹತ್ತಿರ ಇರೋದು. ಮೈಯೆಲ್ಲ ಕಪ್ಪು, ಕತ್ತಿನ ಕೆಳಗೆ ಬಿಳಿ, ಥೇಟ್ ಜಡ್ಜುಗಳ ಕೊರಳಪಟ್ಟಿ. ಬಂದವರನ್ನ ತಲೆಯಿಂದ ಕಾಲಿನವರೆಗೆ ನೋಡುತ್ತೆ, ತೀರ್ಪು ಕಾಯ್ದಿರಿಸುತ್ತೆ, ಮಲಗಿಬಿಡುತ್ತೆ. ನನ್ನ ತೀರ್ಪು ಐದನೇ ಭೇಟಿಯಲ್ಲಿ ಬಂತು. ಎದ್ದು ಬಂದು ನನ್ನ ಷೂ ಮೇಲೆ ಗಲ್ಲ ಇಟ್ಕೊಂಡು ನಿದ್ದೆ ಹೋಯಿತು. ಕಾಲು ಜೋಮು ಹಿಡೀತು ಅಕ್ಕ. ಮುಕ್ಕಾಲು ಗಂಟೆ ಕದಲಲಿಲ್ಲ.

ಒಟ್ಟು ಎಷ್ಟು ಭೇಟಿಯಾ? ...ಹನ್ನೊಂದು. ಲೇಖನಕ್ಕೆ ಅಂಕಿ ಅಂಶ ಬೇಕಿತ್ತಲ್ಲ. ಮೊದಲ ಸಲ ದರ ಕೇಳೋಕೆ. ಎರಡನೇ ಸಲ ದರ ತಾಳೆ ನೋಡೋಕೆ. ಮೂರನೇ ಸಲ... ತಾಳೆ ಆಯಿತು ಅಂತ ತಿಳಿಸೋಕೆ.

ಲೇಖನ ಬರೀಲಿಲ್ಲ. ಹೇಗೆ ಬರೀಲಿ? ನಾನು ಕೊಟ್ಟ ಪ್ರಶ್ನಾವಳಿಯನ್ನ ಡಾಕ್ಟರಮ್ಮ ಪೂರ್ತಿ ತುಂಬಿದರು, ಕೆಳಗೆ ಒಂದು ಸಾಲು ಸೇರಿಸಿದರು. ‘ಗಂಡಂದಿರ ಖರ್ಚಿಗೂ ಇಂಥದ್ದೊಂದು ಪಟ್ಟಿ ಮಾಡಿ ಮೇಷ್ಟ್ರೇ, ಹೋಲಿಸಿ ನೋಡೋಣ. ನನ್ನವರು ನಾಯಿಗಿಂತ ದುಬಾರಿ ಬಿದ್ದಿದ್ದರು.’ ನಾನು ರಸ್ತೆಯಲ್ಲಿ ಒಬ್ಬನೇ ನಗ್ತಾ ಬಂದೆ. ತರಕಾರಿಯವಳು ‘ಲಾಟರಿ ಹೊಡೀತಾ ಸಾರ್?’ ಅಂದಳು.

ಹ್ಞಾಂ, ಗಂಡ ಇದ್ದರು. ಬೇರೆಯಾಗಿ ಎಂಟು ವರ್ಷವಂತೆ. ಅದು ಪಟ್ಟಿಗೆ ಸಂಬಂಧಪಟ್ಟಿದ್ದಲ್ಲ. ಮುಂದೆ ಹೋಗೋಣ.

ಕಿಟಕಿ ಕಡೆ ಎಲ್ಲಿ ನೋಡಿದೆ? ಗಾಳಿ ಬರ್ತಿದೆಯಾ ಅಂತ ನೋಡಿದೆ ಅಷ್ಟೆ.

ಎಂಟು, ಹಾಸಿಗೆ. ಒಂಬತ್ತು, ಕೀಲುನೋವಿನ ಮಾತ್ರೆ, ನಿನ್ನ ಮಾತ್ರೆಗಿಂತ ಅಗ್ಗ. ಹತ್ತು, ಲೈಸೆನ್ಸು. ಹನ್ನೊಂದು, ತುರ್ತು ನಿಧಿ... ಈಗ ದೋಣಿ ಮಾತು ಯಾಕೆ ತೆಗೆದೆ? ಮೊದಲ ಸಂಬಳದಲ್ಲಿ ರಬ್ಬರ್ ದೋಣಿ ತಂದೆ, ಒಪ್ಪಿದೆ. ನಮಗೆ ಹತ್ತಿರದ ನೀರು ಅಂದರೆ ಹಿತ್ತಲ ಸಿಮೆಂಟ್ ತೊಟ್ಟಿ, ಅದನ್ನೂ ಒಪ್ಪಿದೆ. ಆ ಒಂದು ದೋಣಿಗೆ ಮೂವತ್ತು ವರ್ಷದಿಂದ ಎರಡು ಪ್ರತಿ ಬರೀತಿದ್ದೀನಿ. ಜೀವಾವಧಿ ಶಿಕ್ಷೆ ಆದವರೂ ಇಷ್ಟು ಹೊತ್ತಿಗೆ ಮನೆ ಸೇರಿರ್ತಾರೆ.

ದುಡ್ಡು ಎಲ್ಲಿಂದ ಅಂತೀಯಾ? ಅದಕ್ಕೂ ಉತ್ತರ ಇದೆ, ಹಿಂಬದಿ ನೋಡು. ಸಿಗರೇಟು ಬಿಟ್ಟೆ. ಬಿಟ್ಟು ನಾಲ್ಕು ತಿಂಗಳಾಯಿತು. ಅದೊಂದರಲ್ಲೇ ಊಟ, ಲಸಿಕೆ, ಅರ್ಧ ಚಪ್ಪಲಿ ಎಲ್ಲಾ ಬಂತು.

ಯಾರೂ ಹೇಳಲಿಲ್ಲ. ನಾನೇ ಬಿಟ್ಟೆ. ನೀನು ಹದಿನೆಂಟು ವರ್ಷ ಬೈದೆ, ಹೌದು, ಅದರ ಫಲ ಈಗ ಬಂತು ಅಂದ್ಕೋ. ನಾಯಿಗೆ ಹೊಗೆ ಆಗಲ್ಲ.

ಮಿಕ್ಕ ಮೂರು ಸಾಲು ಚಿಲ್ಲರೆ, ಓದೋದು ಬೇಡ, ಕೂಡಿಸಿ ನೋಡು. ಸಕ್ಕರೆ ಕಾರ್ಖಾನೆಯ ಲೆಕ್ಕ ವಿಭಾಗಕ್ಕೇ ಸಿಂಹಸ್ವಪ್ನ ಆಗಿದ್ದವಳು ನೀನು, ಬಾಯಲ್ಲೇ ಕೂಡಿಸ್ತೀಯ... ಸರಿಯಾಗಿದೆ ತಾನೆ? ಒಟ್ಟು ಸರಿಯಾಗಿದೆ. ಹಾಗಾದರೆ ಸಹಿ ಹಾಕು. ಇಲ್ಲಿ, ಕೆಳಗೆ.

ಬೆರಳು ಯಾಕೆ ಅಲ್ಲಿಟ್ಟೆ?

ಹದಿನಾಲ್ಕನೇ ಸಾಲು. ‘ಡಾಕ್ಟರ ಫೀಸು.’ ಸೊನ್ನೆ.

ಅದು... ಟೈಪ್ ಮಾಡುವಾಗ ಆದ ತಪ್ಪು. ಕೀಲುನೋವಿನ ನಾಯಿ ತಿಂಗಳಿಗೆ ಒಂದು ಸಲವಾದರೂ ಡಾಕ್ಟರ ಹತ್ತಿರ ಹೋಗುತ್ತೆ, ನಿಜ. ಮೇಷ್ಟ್ರಿಗೆ ರಿಯಾಯಿತಿ ಅಂತ... ರಿಯಾಯಿತಿ ಸೊನ್ನೆಯ ತನಕ ಇರಲ್ಲ, ಅದೂ ನಿಜ.

ಅಕ್ಕ?

ಕೆಂಪು ಪೆನ್ಸಿಲ್ ಯಾಕೆ ದೂರ ತಳ್ಳಿದೆ? ನಗು. ಬೇಕಾದರೆ ದೋಣಿ ಮಾತು ಇನ್ನೊಂದು ಸಲ ತೆಗಿ.

...ಮೂರು ದಿನ ಆ ಜಾಗ ಖಾಲಿ ಬಿಟ್ಟಿದ್ದೆ. ನಾಲ್ಕು ಸಾವಿರ ಅಂತ ಬರೆದೆ, ಅಳಿಸಿದೆ. ಎರಡು ಅಂತ ಬರೆದೆ, ಅದನ್ನೂ ಅಳಿಸಿದೆ. ದಶಾಂಶ ಬಿಂದು ಒಂದು ಮನೆ ಆಚೆ ಹೋಗಿದ್ದಕ್ಕೆ ಹುಡುಗರನ್ನ ಫೇಲ್ ಮಾಡಿದ ಕೈ ಇದು. ಸುಳ್ಳು ಅಂಕಿ ಬರೆಯೋಕೆ ಬಗ್ಗಲಿಲ್ಲ. ಯಾವನಾದರೂ ಮನೆಯವರಿಗೆ ಫೀಸು ಕೊಡ್ತಾನಾ?

ಡಾಕ್ಟರಮ್ಮ ನಾಯಿನ ಕೊಡ್ತಿಲ್ಲ ಅಕ್ಕ. ಮರಿಯಿಂದ ಸಾಕಿದ್ದನ್ನ ಯಾರು ಕೊಡ್ತಾರೆ? ಅದರ ಜೊತೆ ಅವರೂ ಬರ್ತಾರೆ. ಬರ್ತೀನಿ ಅಂದಿದ್ದಾರೆ. ‘ಮೊದಲು ನಿಮ್ಮ ಅಕ್ಕನ್ನ ಕೇಳಿ, ಅವರು ಇರೋ ಮನೆಗೆ ಅವರನ್ನ ಕೇಳದೆ ನಾನು ಕಾಲಿಡಲ್ಲ’ ಅಂದರು. ಕೇಳೋಕೆ ಹೆದರಿ ನಾಯಿಯ ಖರ್ಚು ಬರ್ಕೊಂಡು ಬಂದೆ. ಐವತ್ತಮೂರು ವರ್ಷದ ಗಂಡಸು.

ನೀನು ಬೇಡ ಅಂದರೆ ಬೇಡ. ...ಅಲ್ಲ, ಅದೂ ಸುಳ್ಳು ಅಂಕಿ. ನೀನು ಬೇಡ ಅಂದರೆ ಏನು ಮಾಡ್ತೀನೋ ಗೊತ್ತಿಲ್ಲ. ನೀನು ನನ್ನ ಕಾಲೇಜಿನ ಫೀಸು ಕಟ್ಟಿದ ವರ್ಷ, ನಿನಗೆ ಆ ಡ್ರಾಯಿಂಗ್ ಮೇಷ್ಟ್ರ ಸಂಬಂಧ ಬಂದಿತ್ತಲ್ಲ, ನೀನು ಬೇಡ ಅಂದೆಯಲ್ಲ... ನನಗೆ ಗೊತ್ತು ಅಕ್ಕ. ಆ ಖರ್ಚಿನ ಪಟ್ಟಿ ನೀನು ಒಂದು ಪ್ರತಿಯೂ ನನಗೆ ತೋರಿಸಲಿಲ್ಲ.

ಹೌದು, ಕಿಟಕಿ ಕಡೆ ನೋಡ್ತಿದ್ದೆ. ಗೇಟಿನ ಹತ್ತಿರ ಅರ್ಧ ಗಂಟೆಯಿಂದ ನಿಂತಿದ್ದಾರೆ. ಇಬ್ಬರೂ. ಬಿಸಿಲಿದೆ. ಹೋಗಿ ಅಂತ ಹೇಳಿ ಬರಲಾ?

ಯಾಕೆ ಎದ್ದೆ? ಅಕ್ಕ, ನಾನೇ ಹೋಗ್ತೀನಿ, ನೀನು ಗೇಟಿನ ತನಕ... ಬಾಗಿಲಲ್ಲಿ ಬಗ್ಗಿ ಏನು ಹುಡುಕ್ತಿದ್ದೀಯ? ಮಂಡಿ ನೋವು ಅಂತೀಯ, ಹೇಳು, ನಾನು ಎತ್ತಿಕೊಡ್ತೀನಿ.

...ಆ ನೀಲಿ ಚಪ್ಪಲಿನ ಯಾಕೆ ಕಪಾಟಿನ ಮೇಲೆ ಇಡ್ತಿದ್ದೀಯ?