ತೂಗಾಕ ಬಂದೀನ್ರಿ

…ಏ ಏ, ಹಂಗ ಜಗ್ಗಬ್ಯಾಡ್ರೆ ಅದನ್ನ, ಮೊದಲ ಸ್ಪ್ರಿಂಗು ಸಡ್ಲ ಆಗೇದ, ನಿಂಬಿಹಣ್ಣು ತೂಗಾಕ ಅಲ್ಲ ಅದು ಇರೂದು! ಎಲ್ಲಿ ಸಿಕ್ತ ಅನಘಾ ನಿನಗ, ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ? ತಾ ಇಲ್ಲೆ. ಗೌರಿ, ನೀನೂ ಬಾ, ಗ್ಯಾಲರಿಯೊಳಗ ಕೂಡ್ರಿ, ಗಾಳಿ ಬರ್ತದ. ಇದು ಕೂಸಿನ ತಕ್ಕಡಿ. ಮ್ಯಾಲೆ ಇಲ್ಲಿ ಹಿಡಿಯಾಕ ಕೊಂಡಿ, ನಡುವ ಗಡಿಯಾರದಂಗ ಮುಳ್ಳು, ಕೆಳಗ ಕೊಕ್ಕಿ. ಕೊಕ್ಕಿಗೆ ಅರಿವಿ ಜೋಳಿಗಿ ಕಟ್ಟೂದು, ಜೋಳಿಗ್ಯಾಗ ಕೂಸಿನ್ನ ಮಲಗಸೂದು, ಎತ್ತಿ ಹಿಡಿಯೂದು, ಮುಳ್ಳು ಎಲ್ಲಿ ನಿಂತ್ತು ನೋಡಿ ಬರಕೊಳ್ಳೂದು. ಈ ಕೆಂಪು ಗೀಟು ಕಾಣ್ತದ? ಮಾಸೇದ, ಕಣ್ಣಾಡಿಸಿ ನೋಡು. ಹಾಂ, ಅದ. ಆ ಗೀಟಿಂದ ಒಂದು ಕತಿನ ಅದ ನೋಡವಾ.

ನಿಮ್ಮಪ್ಪ ಆಗ ಸಾಲ್ಯಾಗ ಮೂರನೆತ್ತೆ ಇದ್ದ. ಅಲ್ಲ, ನಾಕನೆತ್ತೆ. ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಈ ಬಿಬವೇವಾಡಿ ಮನಿ ಎಲ್ಲಿಂದ ಬರಬೇಕು ಆಗ, ಈ ಮರಾಠಿ ಊರಾಗನ ಆ ಕಡೆ ಯೆರವಡಾದಾಗ ಒಂದ ಖೋಲಿ, ಮ್ಯಾಲೆ ತಗಡಿನ ಪತ್ರಾ, ಬ್ಯಾಸಗ್ಯಾಗ ರೊಟ್ಟಿ ಬಡಿಯೂದ್ರಾಗ ನಾನೂ ಬೇಯತಿದ್ದೆ. ನಿಮ್ಮಜ್ಜನ ಕಾರಖಾನಿ ಬಾಗಿಲ ಹಾಕಿತ್ತು. ದಿನಾ ಮುಂಜಾನೆ ಡಬ್ಬಿ ಕಟಿಗೊಂಡು ಹೋಗೂದು, ಗೇಟಿನ ಮುಂದ ಕೂಡೂದು, ಸಂಜಿಗೆ ಬರೂದು. ಒಂದು ದಿನ ಓಣ್ಯಾಗ ಯಾರೋ ಹೇಳಿದ್ರು, ಬಸರಿ ಹೆಣ್ಮಕ್ಕಳು, ಹಸಗೂಸು, ಇವರ ಮ್ಯಾಲೆ ಡಾಕ್ಟರ್ ಮಂದಿ ಏನೋ ಸಂಶೋಧನಾ ಮಾಡ್ತಾರಂತ, ಮರಾಠಿ ಕನ್ನಡ ಎರಡೂ ಬರೂ ಹೆಣ್ಮಗಳು ಬೇಕಾಗ್ಯಾಳಂತ ಅಂತ. ಯಾಕಂದ್ರ ಯೆರವಡಾದಾಗ ನಮ್ಮ ಕಡೆ ಮಂದಿ ಭಾಳ, ಕಲಬುರ್ಗಿ, ಇಂಡಿ, ಸಿಂದಗಿ ಕಡಿಂದ ಬಂದು ಕಟ್ಟಡದ ಕೆಲಸ ಮಾಡವರು. ನಾ ವಿಜಾಪುರದಾಗ ಮೆಟ್ರಿಕ್ ಮುಗಿಸಿದಾಕಿ. ಹೋದೆ ನಡಕೋತ. ಅಲ್ಲೆ ಒಬ್ಬ ಡಾಕ್ಟರ್ ಬಾಯಿ ಕೂತಿದ್ಲು, ಕರೇ ಚಷ್ಮಾ, ಕಾಟನ್ ಸೀರಿ. ಬಾಯಿ ಅಂದ್ರ ಮರಾಠಿ ಬಾಯಿ ಮತ್ತ, ಹೆಣ್ಮಗಳು, ನಮ್ಮ ಉಣ್ಣೂ ಬಾಯಿ ಅಲ್ಲ. ನಗಬ್ಯಾಡ್ರಿ, ಮುಂದ ಇಂಥಾದ್ದ ಒಂದು ಮಾತು ಬರೂದದ. "ಕಾನಡೀ ಬೋಲತಾ ಯೇತಂ ಕಾ?" ಅಂದ್ಲು, ಕನ್ನಡ ಮಾತಾಡಾಕ ಬರ್ತದೇನು ಅಂತ. "ಹೋ ಬಾಯಿ, ಘರೀ ಕಾನಡೀಚ" ಅಂದೆ ನಾ, ಮನ್ಯಾಗ ಕನ್ನಡನ ಅಂತ. ಮರುದಿನದಿಂದ ಬಾ ಅಂದ್ಲು.

ಕೆಲಸ ಏನು ಗೊತ್ತದ? ಬಸರಿದ್ದವರ ಮನಿ ಮನಿ ಅಡ್ಡಾಡೂದು. ಒಂದು ಚೀಲದಾಗ ಈ ತಕ್ಕಡಿ, ಒಂದು ಟೇಪು, ಮತ್ತ ಸಣ್ಣದು ನಡುವಿಂದು ದೊಡ್ಡದು ಅಂತ ಮೂರು ಸ್ಟೀಲ್ ವಾಟಿ. ವಾಟಿ ಯಾಕಂದ್ರ, ನಿನ್ನೆ ಏನುಂಡಿ, ಪಲ್ಯೆ ಯಾವ ವಾಟಿಯಷ್ಟು, ಬ್ಯಾಳಿ ಯಾವ ವಾಟಿಯಷ್ಟು ಅಂತ ತೋರಿಸಿ ಕೇಳಬೇಕು. ಹೆಣ್ಮಕ್ಕಳು ನಗತಿದ್ರು. "ಶಾಂತಕ್ಕಾ, ಬರೇ ವಾಟಿ ತರ್ತಿ, ಒಮ್ಮೆರ ತುಂಬಕೊಂಡು ಬಾರ!" ಅಂತಿದ್ರು. ನನಗೂ ಸೋಜಿಗ ಆಗತಿತ್ತು, ಇಷ್ಟೆಲ್ಲಾ ಕಲತ ಡಾಕ್ಟರ್, ಈಕಿಗೆ ಯಾಕ ಬೇಕು ಇನ್ನೊಬ್ಬರ ಮನಿ ಮೆಂತೆಪಲ್ಯೆ? ಒಮ್ಮೆ ಕೇಳೇಬಿಟ್ಟೆ. ಬಾಯಿ ಏನಂದ್ಲು ಗೊತ್ತೇನು? ತಾಯಿ ತಿಂದದ್ದು ಹೊಟ್ಟ್ಯಾಗಿನ ಕೂಸಿಗೆ ಹ್ಯಾಂಗ ಹತ್ತತದ, ಯಾವುದು ಹತ್ತತದ, ನಮಗ ಇನ್ನೂ ಪೂರ್ತಿ ಗೊತ್ತಿಲ್ಲ ಶಾಂತಾ, ಅದಕ್ಕ ಕೇಳಾಕ ಹತ್ತೀವಿ ಅಂದ್ಲು. ಗೊತ್ತಿಲ್ಲ ಅಂದ್ಲು! ಡಾಕ್ಟರ್ ಆಗಿ! ನಮ್ಮ ಊರಾಗ ಮದ್ದು ಕೊಡೂ ಮುದುಕಿ ಸುದ್ದಾ ಗೊತ್ತಿಲ್ಲ ಅಂದದ್ದು ನಾ ಕೇಳಿದ್ದಿಲ್ಲ. ಆ ದಿನದಿಂದ ಆಕಿ ಮ್ಯಾಲೆ ನನಗ ಭಾಳ ಜೀವ. ಆಕಿ ಮಾತು ಮಾತಿಗೆ "ಕಾ?" ಅಂತಿದ್ಲು. ಮರಾಠಿಯೊಳಗ ಕಾ ಅಂದ್ರ ಯಾಕ. ಈಕಿ ಉಣಲಿಲ್ಲ, ಕಾ? ಆಕಿ ದವಾಖಾನಿಗೆ ಬರಲಿಲ್ಲ, ಕಾ? ನಾವು ಕೆಲಸದವರು ಹಿಂದ ಅಣಗಸ್ತಿದ್ದೆವು, ಬಾಯಿ ಕಾಗಿ ಒದರಿದಂಗ ಒದರ್ತಾಳ ಅಂತ.

ಈಗ ಮುಖ್ಯ ಮಾತು ಕೇಳ್ರಿ. ಕೂಸು ಹುಟ್ಟಿದ ಮೂರು ದಿನದೊಳಗ ತೂಕ ಆಗಬೇಕು, ಅದು ಕಟ್ಟುನಿಟ್ಟು. ಮುಳ್ಳು ಕೆಂಪು ಗೀಟು ಮುಟ್ಟಲಿಲ್ಲ ಅಂದ್ರ ಕೂಸು ಭಾಳ ಸಣ್ಣದು, ಲಗೂನ ದವಾಖಾನಿಗೆ ಹೋಗಬೇಕು ಅಂತ ಲೆಕ್ಕ. ಮರಾಠಿ ಓಣ್ಯಾಗ ಏನೂ ತ್ರಾಸ ಇಲ್ಲ, "ವಜನ ಕರಾಯಲಾ ಆಲೇ" ಅಂದ್ರ, "ಯಾ ತಾಯೀ", ಬಾ ಅಕ್ಕಾ, ಅಂತ ಕೂಸಿನ್ನ ಕೈಯಾಗ ಕೊಡತಿದ್ರು. ನಮ್ಮ ಕನ್ನಡ ಓಣ್ಯಾಗ? "ಈಗ ಬ್ಯಾಡವಾ, ಹನ್ನೆರಡು ದಿನ ಆಗಲಿ, ಆಮ್ಯಾಲೆ ಬಾ." ಒಂದು ಮನಿ ಅಲ್ಲ, ಎರಡು ಮನಿ ಅಲ್ಲ, ಹಡದ ಮನಿ ಎಲ್ಲಾ ಹಿಂಗ. ಚಹಾ ಕೊಡ್ತಾರ, ಊರು ಕೇರಿ ಕೇಳ್ತಾರ, ಕೂಸಿನ್ನ ಮಾತ್ರ ಕೊಡೂದಿಲ್ಲ. ನಮ್ಮ ಮಂದಿ, ನಮ್ಮ ಮಾತು, ನನಗ ಕೊಡವಲ್ರು! ಫಾರ್ಮಿನ್ಯಾಗ ಕಾರಣ ಬರ್ಯಾಕ ಒಂದು ಖಾನೆ ಇತ್ತು. ನಾ ಏನು ಮಾಡಿದೆ, ಅದರಾಗ "ದೃಷ್ಟಿ ಆಗ್ತದಂತ" ಅಂತ ಬರದೆ. ಎಲ್ಲಾ ಮನಿಗೂ ಅದನ್ನ ಬರದೆ. ಯಾರನ್ನೂ ಕೇಳಲಿಲ್ಲ ಮತ್ತ. ನಾ ಅದ ಮಂದ್ಯಾಗ ಹುಟ್ಟಿದಾಕಿ, ನನಗ ಗೊತ್ತಿಲ್ಲೇನು ಅಂತ ಧಿಮಾಕು!

ಆ ಓಣ್ಯಾಗ ರೇಣುಕಾ ಅಂತ ಒಬ್ಬಾಕಿ ಇದ್ಲು, ಸಣ್ಣ ವಯಸ್ಸು, ಚೊಚ್ಚಲ ಬಸರಿ. ಆಕಿ ಅತ್ತಿ ಗಂಗವ್ವ, ಇಂಡಿ ಕಡಿಯಾಕಿ, ಹಣಿ ತುಂಬ ಕುಂಕುಮ, ಗಡಸು ದನಿ. ನಾ ಗಂಗವ್ವಗ ಆಯಿ ಆಯಿ ಅಂತಿದ್ದೆ. ರೇಣುಕಾಗ ದಿನ ತುಂಬಾಕ ಇನ್ನೂ ತಿಂಗಳ ಇದ್ದಾಗನ ಬ್ಯಾನಿ ಬಂದು ಮನ್ಯಾಗ ಹಡದಬಿಟ್ಲು, ಹೆಣ್ಣುಕೂಸು. ಎರಡನೇ ದಿನ ನಾ ಹೋದೆ, ಬಾಗಿಲ್ದಾಗ ನಿಂತು ಜೋಳಿಗಿ ಬಿಚ್ಚಿ ತಕ್ಕಡಿಗೆ ಹಾಕ್ಕೋತ, "ಆಯಿ, ಕೂಸಿನ್ನ ತೂಗಾಕ ಬಂದೀನ್ರಿ" ಅಂದೆ. ಗಂಗವ್ವ ಆ ಜೋಳಿಗಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. "ಹನ್ನೆರಡು ದಿನ ಆಗಲಿ ಯವ್ವಾ" ಅಂದ್ಲು. ಆತು ಅಂತ ನಾನೂ ದೃಷ್ಟಿ ಅಂತ ಬರಕೊಂಡು ಹೊಂಟೆ. ಹೊಂಟೆ ಖರೆ, ಆದ್ರ ಹಾದ್ಯಾಗ ಏನೋ ಚುಚ್ಚಾಕ ಹತ್ತಿತು. ಅಷ್ಟೊತ್ತು ನಿಂತಿದ್ದೆ, ಆ ಕೂಸು ಒಮ್ಮೆನೂ ಅಳಲಿಲ್ಲಲ್ಲ?

ನಿಮಗ ಹೇಳಿಲ್ಲ ನಾ ಇದನ್ನ. ನಿಮ್ಮಪ್ಪಗಿಂತ ಮೊದಲ ನನಗ ಒಂದು ಹೆಣ್ಣುಕೂಸು ಆಗಿತ್ತು, ತವರಮನ್ಯಾಗ. ಅದೂ ಅಳತಿದ್ದಿಲ್ಲ. ನನ್ನ ಬಾಜೂಕ ಬೆಚ್ಚಗ ಸುತ್ತಿ ಮಲಗಿಸಿದ್ರು, ಎಲ್ಲಾರೂ ಭಾಳ ಶಾಣ್ಯಾ ಕೂಸು, ಒಂದೀಟೂ ಅಳೂದಿಲ್ಲ ಅಂದ್ರು, ನನಗೂ ಹೆಮ್ಮಿ. ಮೊಲಿ ಹಿಡಿಯಾಕ ಶಕ್ತಿ ಇದ್ದಿಲ್ಲ ಅದಕ್ಕ, ನಾ ನಿದ್ದಿ ಅಂತ ತಿಳದಿದ್ದೆ. ಒಂಬತ್ತನೇ ದಿನ ಹೋತು. ಐದನೇ ದಿನ ಸೆಟವಿ ಬಂದು ಕೂಸಿನ ಹಣ್ಯಾಗ ಬರೀತಾಳ ಅಂತಾರಲ್ಲ, ಆಕಿ ಬರದದ್ದ ಅಷ್ಟು ಅಂದ್ರು. ನಾನೂ ಹೂಂ ಅಂದೆ. ಭಾಳ ಅತ್ತೆ, ಆದ್ರ ಯಾಕ ಅಂತ ಒಬ್ಬರನ್ನೂ ಕೇಳಲಿಲ್ಲ.

ಇರಲಿ. ಮೂರನೇ ದಿನ ಮುಂಜಾನೆ ಮತ್ತ ಗಂಗವ್ವನ ಬಾಗಿಲಿಗೆ ಹೋದೆ. ರೇಣುಕಾ ಗ್ವಾಡಿಗೆ ಆತು ಕೂತಿದ್ಲು, ಎದಿ ಹಾಲು ಕಟ್ಟಿ ಕಣ್ಣಾಗ ನೀರು. "ಕೂಸು ಕುಡೀವಲ್ದು ಅಕ್ಕಾ, ಬರೇ ಮಲಗತದ" ಅಂದ್ಲು. ನಾ ಲಗೂನ ತಕ್ಕಡಿ ತಗದು ಜೋಳಿಗಿ ಕಟ್ಟಿದೆ. "ಆಯಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಮ್ಮೆ ತೂಗತೀನ್ರಿ" ಅಂದೆ. "ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನು ನಿನಗ?" ಅಂತ ಗಂಗವ್ವ ಏರಿ ಬಂದ್ಲು. ಆವಾಗ ನೋಡ್ರಿ, ಆ ಬಾಯಿ ನನ್ನ ಬಾಯಾಗ ಬಂದು ಕೂತಂಗ, ಒಂದ ಮಾತು ಹೊರಬಿತ್ತು. "ಯಾಕ?" ಅಂದೆ. ಇಷ್ಟು ತಿಂಗಳ ಆ ಓಣ್ಯಾಗ ಅಡ್ಡಾಡಿದ್ರೂ ಅದನ್ನ ಕೇಳಿದ್ದು ಅವತ್ತ ಮೊದಲು. ಗಂಗವ್ವ ಸೊಂಟದ ಮ್ಯಾಲೆ ಕೈ ಇಟ್ಟಳು. "ಯಾಕಂತ ಕೇಳ್ತಿಯಲ್ಲ, ನೀ ಹಡದಾಕಿ ಹೌದೋ ಅಲ್ಲೋ? ಹೆಸರಿಟ್ಟಿಲ್ಲ, ತೊಟ್ಲದಾಗ ಹಾಕೂ ಶಾಸ್ತ್ರ ಆಗಿಲ್ಲ, ಅಂಥಾ ಕೂಸಿನ್ನ ಯಾರರ ತೂಗತಾರೇನ? ನೀ ಒಬ್ಬಾಕಿ, ದಿನಾ ಜೋಳಿಗಿ ಹಿಡಕೊಂಡು ಬರ್ತಿ, ತೂಗತೀನಿ ತೂಗತೀನಿ ಅಂತ!"

ಯವ್ವಾ ಯವ್ವಾ ಯವ್ವಾ! ನಾ ನನ್ನ ಕೈಯಾಗ ನೋಡಕೊಂಡೆ. ಮ್ಯಾಲೆ ಕೊಂಡಿ, ಕೆಳಗ ಜೋಳಿಗಿ, ಹಿಂಗ ಜೋಲಾಡಾಕ ಹತ್ತೇದ. ತೊಟ್ಲನ ಅದು! ತೊಟ್ಲಾ ತೂಗೂದೂ ತೂಗೂದ, ತಕ್ಕಡ್ಯಾಗ ತೂಗೂದೂ ತೂಗೂದ, ನಮ್ಮ ಮಾತಿನ್ಯಾಗ ಎರಡಕ್ಕೂ ಒಂದ ಶಬ್ದ. ಮರಾಠಿಯೊಳಗ ವಜನ ಅಂದ್ರ ವಜನ, ಬರೇ ಭಾರ, ಅದಕ್ಕ ಆ ಓಣ್ಯಾಗ ಏನೂ ಆಗಲಿಲ್ಲ. ಇಲ್ಲಿ ನಾ ಇಷ್ಟು ದಿನ ಮನಿ ಮನಿಗೆ ಹೋಗಿ, ನಿಮ್ಮ ಕೂಸಿನ್ನ ಹೆಸರಿಡೂಕಿಂತ ಮೊದಲ ತೊಟ್ಲದಾಗ ಹಾಕತೀನಿ ಅಂದಂಗ ಆಗಿತ್ತು! ನನಗ ನಗುವೂ ಬಂತು, ಅಳುವೂ ಬಂತು. "ಆಯಿ, ತೊಟ್ಲಾ ಅಲ್ರಿ, ತೂಕ, ತೂಕ! ಭಾರ ಎಷ್ಟದ ನೋಡೂದು!" ಅಂದೆ. ಗಂಗವ್ವ ಸೊಂಟದ ಮ್ಯಾಲಿನ ಕೈ ತಗದ್ಲು. "ತುಲಾಭಾರೇನು?" ಅಂದ್ಲು. "ಮತ್ತ ಬೆಲ್ಲ ಎಲ್ಲದ?" ಬೆಲ್ಲ ಬ್ಯಾಡ್ರಿ, ಬರೇ ಕೂಸು ಸಾಕು ಅಂತ ಒಪ್ಪಸೂದ್ರಾಗ ಸಾಕು ಸಾಕಾತು. ಒಪ್ಪಿದ್ಲು ಖರೆ, ಆದ್ರ ಜೋಳಿಗಿ ಒಂದೀಟೂ ತೂಗಬಾರದು, ಅಂದ್ರ ಆಡಬಾರದು ಅಂತ ಕೆಳಗ ತನ್ನ ಎರಡೂ ಕೈ ಆಸರಾ ಕೊಟ್ಟು ನಿಂತ್ಲು. ಮುಳ್ಳು ಎಲ್ಲಿಂದ ಏಳಬೇಕು? ಭಾರೆಲ್ಲಾ ಆಕಿ ಕೈಯಾಗ! "ಕೈ ಬಿಡ್ರಿ ಆಯಿ." "ಬಿಟ್ರ ತೂಗತದ." "ತೂಗಾಕಂತನ ಬಂದೀನ್ರಿ!" ಹಿಂಗ ನಮ್ಮದು ನಡದಿತ್ತು, ಕಡೀಕ ರೇಣುಕಾ ಕೂತಲ್ಲಿಂದ ಒದರಿದ್ಲು, "ಅತ್ತಿ, ಬಿಡ್ರಿ ನಿಮ್ಮ ಕೈ!" ಸೊಸಿ ಹಂಗ ದನಿ ಎತ್ತಿದ್ದು ಗಂಗವ್ವ ಅವತ್ತ ಮೊದಲ ಕೇಳಿದ್ಲು ಅಂತ ಕಾಣ್ತದ, ಗಪ್ಪನ ಬಿಟ್ಲು. ಮುಳ್ಳು ಅಳ್ಳಾಡಿತು, ನಿಂತ್ತು. ಕೆಂಪು ಗೀಟಿಗೆ ಇನ್ನೂ ಭಾಳ ದೂರ ಇತ್ತು. ಗಂಗವ್ವಗ ಅಂಕಿ ಓದಾಕ ಬರ್ತಿದ್ದಿಲ್ಲ, ಗೀಟು ಮುಳ್ಳು ಕಾಣ್ತಿತ್ತು. "ಅಲ್ಲಿ ತನಕ ಬರಬೇಕೇನು ಅದು?" ಅಂದ್ಲು. ಹೂಂ ಅಂದೆ. ಗಂಗವ್ವ ಸೀರಿ ಸೆರಗು ಬಿಗದು ಕಟಿಗೊಂಡು ತಾನ ಹೋಗಿ ರಿಕ್ಷಾ ತಂದ್ಲು.

ದವಾಖಾನ್ಯಾಗ ನಮ್ಮ ಡಾಕ್ಟರ್ ಬಾಯಿ ರೇಣುಕಾನ ಎದಿಗೆ ಬರೇ ಮೈಯಿಂದ ಕೂಸಿನ್ನ ಹಚ್ಚಿ, ಮ್ಯಾಲೆ ಅರಿವಿ ಕಟ್ಟಿಸಿದ್ಲು. ತಾಯಿ ಮೈ ಕಾವ ಅದಕ್ಕ ಔಷಧ ಅಂತ. ಹಾಲು ಹಿಂಡಿ ಸಣ್ಣ ವಾಟಿ ಚಮಚದಿಂದ ಹನಿ ಹನಿ ಹಾಕೂದು. ರೇಣುಕಾ ದಣದ್ರ ಗಂಗವ್ವ ತನ್ನ ಕುಬಸದ ಗುಂಡಿ ಬಿಚ್ಚಿ ಎದಿಗೆ ಕಟಿಗೊಂಡು ಕೂಡತಿದ್ಲು, ಯಾರರ ನಕ್ರ, "ಏನ್ ನೋಡ್ತೀರಿ, ಡಾಕ್ಟರ್ ಹೇಳ್ಯಾಳ" ಅಂತಿದ್ಲು. ನಾ ದಿನಾ ಹೋಗತಿದ್ದೆ. ಮುಳ್ಳು ಮೊದಲ ಹಿಂದ ಸರೀತು, ನನ್ನ ಜೀವ ಹೋದಂಗಾತು. ಆಮ್ಯಾಲೆ ನಿಂತ್ತು. ಆಮ್ಯಾಲೆ ಕೂದಲೆಳಿಯಷ್ಟು ಮುಂದ. ಒಂದಿನ ಕೂಸು ಚಮಚಾ ಒಲ್ಲೆ ಅಂತ ಚಿಟ್ಟನ ಚೀರಿತು, ವಾರ್ಡಿನ ಮಂದಿ ಎಲ್ಲಾ ತಿರುಗಿ ನೋಡಿದ್ರು. ಅಷ್ಟು ಚಂದದ ದನಿ ನಾ ಮತ್ತ ಕೇಳಿಲ್ಲ.

ಬಾಯಿ ಮುಂದ ನಾ ಎಲ್ಲಾ ಹೇಳಿದೆ, ತೂಗು ಅನ್ನೂ ಶಬ್ದದ ಕತಿ. ಆಕಿ ಚಷ್ಮಾ ತಗದು ಕಣ್ಣೀರು ಬರೂವಂಗ ನಕ್ಕಳು. ನಕ್ಕು ಮುಗಿಸಿ ನನ್ನ ಫಾರ್ಮು ತಗದ್ಲು. "ಶಾಂತಾ, ಇಲ್ಲೆ ಎಲ್ಲಾ ಕಡೆ ದೃಷ್ಟಿ ಅಂತ ಬರದೀಯಲ್ಲ, ಕೋಣಿ ಸಾಂಗಿತಲಂ?" ಯಾರು ಹೇಳಿದ್ರು ಅಂತ. "ಯಾರೂ ಹೇಳಿಲ್ಲ ಬಾಯಿ, ನನಗ ಗೊತ್ತದ ಅಂತ ನಾನ ಬರದೆ" ಅಂದೆ. ನೌಕರಿ ಹೋತು ಅಂತ ತಿಳದೆ. ಆಕಿ ಬೈಯ್ಯಲಿಲ್ಲ. ಎಲ್ಲಾ ಹೊಡದು ಹಾಕು, ಪ್ರತಿ ಮನಿಗೆ ತಿರುಗಿ ಹೋಗು, ಈ ಸಲ ಕೇಳು ಅಂದ್ಲು. ಹೋದೆ, ಮಾರಿ ಸಣ್ಣದು ಮಾಡಕೊಂಡು ಮನಿ ಮನಿ ಹೋದೆ. ಖರೇನ ದೃಷ್ಟಿ ಅಂದವರೂ ಇಬ್ಬರು ಮೂವರು ಇದ್ರು ಮತ್ತ, ಸುಳ್ಳ ಯಾಕ ಹೇಳ್ಲಿ. ಉಳದವರೆಲ್ಲಾ ತೊಟ್ಲಾನ. ಆಮ್ಯಾಲಿಂದ ನಾವು ತೂಗಾಕ ಅನ್ನೂದು ಬಿಟ್ಟೆವಿ, "ಭಾರ ನೋಡಾಕ ಬಂದೀನಿ" ಅಂತ ಶುರು ಮಾಡಿದೆವಿ, ಕೂಸುಗಳು ಕೈಗೆ ಬಂದ್ವು.

ರೇಣುಕಾನ ಮಗಳನ್ನ ತೊಟ್ಲದಾಗ ಹಾಕಿದ್ದು ಹನ್ನೆರಡಕ್ಕಲ್ಲ, ಎರಡು ತಿಂಗಳಿಗೆ. ಮುಳ್ಳು ಗೀಟು ದಾಟಿದ ಮ್ಯಾಲೆನ ಹೆಸರು ಅಂತ ಗಂಗವ್ವಂದ ಹಟ. ಓಣಿ ಹೆಣ್ಮಕ್ಕಳೆಲ್ಲಾ ಕೂಡಿದ್ರು, ಗುಗ್ಗರಿ ಹಂಚಿದ್ರು. ಗಂಗವ್ವ ತೊಟ್ಲದ ಹಗ್ಗ ಮೊದಲ ನನ್ನ ಕೈಯಾಗ ಕೊಟ್ಟು, ಎಲ್ಲಾರಿಗೂ ಕೇಳೂವಂಗ, "ಈಗ ತೂಗವಾ ಶಾಂತವ್ವಾ, ಎಷ್ಟು ತೂಗತಿ ತೂಗು!" ಅಂದ್ಲು. ಮಂದಿ ಎಲ್ಲಾ ನಕ್ರು. ನಾ ತೂಗಿದೆ. ತೂಗಕೋತ ನನ್ನ ಕೂಸು ನೆನಪಾತು, ಅದು ತೊಟ್ಲಾನೂ ಕಾಣಲಿಲ್ಲ, ತಕ್ಕಡಿನೂ ಕಾಣಲಿಲ್ಲ, ಎಷ್ಟು ಭಾರ ಇತ್ತು ಅಂತ ಈ ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ. ನನ್ನ ಕೈಗೆ ಮಾತ್ರ ಒಂದೀಟು ಗೊತ್ತದ.

ಕೊಡು ಇಲ್ಲೆ ತಕ್ಕಡಿ, ಅರಿವ್ಯಾಗ ಸುತ್ತಿ ಇಡತೀನಿ. ನೀವು ಇಬ್ಬರೂ ಸಾಲ್ಯಾಗ ಗೊತ್ತದ ಗೊತ್ತದ ಅಂತ ಕೈ ಎತ್ತತೀರಂತಲ್ಲ, ಎತ್ತ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಎತ್ತೂಕಿಂತ ಮೊದಲ ಒಮ್ಮೆ ಕಾಗಿ ಹಂಗ ಕಾ ಅನ್ರಿ, ಮಂದಿ ನಕ್ರ ನಗಲಿ. ಏಳ್ರಿನ್ನ, ನಿಂಬಿಹಣ್ಣು ಒಳಗ ಇಡ್ರಿ, ಉಪ್ಪಿನಕಾಯಿ ಹಾಕೂದದ.