ಐದನೆಯ ಫೌಲ್

ವೇದಿಕೆಯ ಮೇಲಿರುವ ನಮ್ಮ ಕ್ರೀಡಾಭಿಮಾನಿ ಬಳಗದ ಅಧ್ಯಕ್ಷರೂ ಹಿರಿಯ ಕಾಫಿ ಬೆಳೆಗಾರರೂ ಆದ ಸುಬ್ಬಣ್ಣನವರೇ, ಕಾಲೇಜಿನ ಪ್ರಾಂಶುಪಾಲರೇ, ಇವತ್ತು ಸನ್ಮಾನ ಸ್ವೀಕರಿಸಲಿರುವ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕುಸುಮಾ ಅವರೇ, ಮುಂದಿನ ಸಾಲಿನ ಗಣ್ಯರೇ, ಕುರ್ಚಿ ಸಾಲದೆ ಹಿಂದೆ ಗೋಡೆಗೊರಗಿ ನಿಂತಿರುವ ನನ್ನ ಪ್ರೀತಿಯ ಸಭಿಕರೇ,

ನಾನು ರೇವಣ್ಣ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಜಿಲ್ಲೆಯಲ್ಲಿ ಎಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆದರೂ ಮೇಜಿನ ಹಿಂದೆ ಕುಳಿತು ಸ್ಕೋರ್‌ಶೀಟ್ ಬರೆಯುವವನು. ಇವತ್ತು ನನಗೆ ಎರಡು ಕೆಲಸ ವಹಿಸಿದ್ದಾರೆ. ಒಂದು, ಕುಸುಮಾಳನ್ನು ಅಭಿನಂದಿಸುವುದು. ಇನ್ನೊಂದು, ಅವಳಿಗೆ ನಾಲ್ಕು ಬುದ್ಧಿಮಾತು ಹೇಳುವುದು. 'ಪ್ರತಿಭೆಯ ಜೊತೆ ತಾಳ್ಮೆಯೂ ಇರಲಿ ಅಂತ ಹೇಳಿ ಮೇಷ್ಟ್ರೇ, ನೀವು ಶಾಂತ ಸ್ವಭಾವದೋರು, ನಿಮ್ ಬಾಯಿಂದ ಬಂದ್ರೆ ಚೆನ್ನಾಗಿರುತ್ತೆ' ಎಂದು ಸುಬ್ಬಣ್ಣನವರು ಬೆಳಿಗ್ಗೆಯೇ ಫೋನ್ ಮಾಡಿ ನೆನಪಿಸಿದರು.

ಮೊದಲನೆಯ ಕೆಲಸ ಸಂತೋಷದಿಂದ ಮಾಡುತ್ತೇನೆ. ಎರಡನೆಯದನ್ನು ಮಾಡುವುದಿಲ್ಲ.

ಸಭಿಕರೇ, ಕಳೆದ ಒಂದು ವರ್ಷದಲ್ಲಿ ಮೂಡಿಗೆರೆಯಲ್ಲಿ ಅತಿ ಹೆಚ್ಚು ಚರ್ಚೆಯಾದ ವಿಷಯ ಯಾವುದು? ಕಾಫಿ ಧಾರಣೆಯೇ? ಅಲ್ಲ. ತೋಟಕ್ಕೆ ನುಗ್ಗುವ ಆನೆಯೇ? ಅದೂ ಅಲ್ಲ. ಇಪ್ಪತ್ತು ವರ್ಷದ ಈ ಹುಡುಗಿಯ ಸಿಟ್ಟು! ಬಸ್ ನಿಲ್ದಾಣದ ಎದುರಿನ ಬಸಮ್ಮನ ಹೋಟೆಲಿನಲ್ಲಿ ಕುಳಿತು ನೀವೆಲ್ಲ ಮಾತಾಡಿದ್ದನ್ನು ನಾನು ಕೇಳಿದ್ದೇನೆ.

'ಕೈ ಇದೆ ಮಾರಾಯ, ಅಂಥ ಕೈ ಈ ಜಿಲ್ಲೇಲೇ ಇಲ್ಲ. ತಲೆ ಮಾತ್ರ ನೆಟ್ಟಗಿಲ್ಲ.'

'ಗಾರ್ಡ್ ಅಂದ್ರೆ ಟೀಮನ್ನ ನಡೆಸೋಳು. ಇವ್ಳಿಗೆ ತನ್ನ ಬಾಯಿ ಹಿಡಿಯೋಕೇ ಆಗಲ್ಲ.'

'ಸಿಟ್ಟಿಲ್ದೆ ಮೂವತ್ತು ಪಾಯಿಂಟ್ ಹೊಡೆಯೋಕಾಗುತ್ತೇನ್ರೀ?'

ಒಂದು ದಿನ ಬಸಮ್ಮನೇ ಬೇಸತ್ತು, 'ಇಲ್ಲಿ ಕೂತು ಮಾತಾಡೋರಲ್ಲಿ ಒಬ್ರಾದ್ರೂ ಆ ರಿಂಗಿಗೆ ಬಾಲ್ ಮುಟ್ಸಿದೀರಾ?' ಎಂದು ಕೇಳಿ, ಅರ್ಧ ಕುಡಿದಿದ್ದ ಲೋಟಗಳನ್ನೂ ಎತ್ತಿಕೊಂಡು ಒಳಗೆ ಹೋದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನೂ ಆ ಬೆಂಚಿನ ಮೇಲೆ ಇದ್ದೆ. ಬಾಯಿ ಬಿಡಲಿಲ್ಲ ಅಷ್ಟೆ.

ಈ ಹುಡುಗಿ ಆಟ ಕಲಿತದ್ದು ಎಲ್ಲಿ ಎಂದು ನಿಮಗೆ ಗೊತ್ತೇ? ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. ಅಪ್ಪ ಅಮ್ಮ ಇಬ್ಬರೂ ಅಲ್ಲಿಯ ಲೈನ್‌ಮನೆಯಲ್ಲಿರುವ ಕೆಲಸಗಾರರು. ಸುಗ್ಗಿಯಲ್ಲಿ ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿಬೀಜ, ಹರಡಿರುತ್ತದೆ. ನಡುವೆ ಉಳಿಯುವುದು ಒಂದು ಮೊಳ ಅಗಲದ ದಾರಿ. ಆ ದಾರಿಯಲ್ಲಿ ಇವಳು ಚೆಂಡು ಪುಟಿಸುತ್ತ ಓಡುತ್ತಿದ್ದಳು. ಚೆಂಡು ಕಾಫಿಗೆ ತಗುಲಿದರೆ ಮೇಸ್ತ್ರಿ ಬೈಯುತ್ತಿದ್ದರು. ಇಬ್ಬರು ಎತ್ತರದ ಹುಡುಗಿಯರ ನಡುವೆ ಇವಳು ಗಾಳಿಯ ಹಾಗೆ ತೂರಿಹೋಗುವುದನ್ನು ಕಂಡು ನೀವು ಬೆರಗಾಗುತ್ತೀರಿ. ಅದು ಆ ಬೈಗುಳ ತಪ್ಪಿಸಿಕೊಳ್ಳಲು ಕಲಿತ ವಿದ್ಯೆ.

ಈಗ ಕಳೆದ ವರ್ಷದ ಅಂತರಕಾಲೇಜು ಫೈನಲ್‌ಗೆ ಬರುತ್ತೇನೆ. ಚಿಕ್ಕಮಗಳೂರಿನಲ್ಲಿ ನಡೆದದ್ದು. ನಿಮ್ಮಲ್ಲಿ ಬಹಳ ಮಂದಿ ಎರಡು ವ್ಯಾನ್ ಮಾಡಿಕೊಂಡು ಬಂದಿದ್ದಿರಿ. ಪಂದ್ಯ ಮುಗಿಯಲು ಎರಡು ನಿಮಿಷ ಬಾಕಿ. ನಮ್ಮ ಹುಡುಗಿಯರು ಮೂರು ಪಾಯಿಂಟ್ ಮುಂದೆ. ಕುಸುಮಾಳೊಬ್ಬಳೇ ಇಪ್ಪತ್ತೊಂಬತ್ತು ಹೊಡೆದಿದ್ದಳು. ಅಷ್ಟರಲ್ಲಿ ರಿಂಗಿನ ಕೆಳಗೆ ನೂಕಾಟವಾಯಿತು, ರೆಫರಿ ಸೀಟಿ ಊದಿದರು, ನಮ್ಮ ತಂಡದ ಮೇಲೆ ಫೌಲ್. ಶೀಟಿನ ಪ್ರಕಾರ ಅದು ಕುಸುಮಾಳ ಐದನೆಯ ಫೌಲ್. ಐದಾದರೆ ಆಟಗಾರ್ತಿ ಹೊರಗೆ; ನಿಮಗೆ ಗೊತ್ತಿರುವ ನಿಯಮ.

ಅವಳು ನೇರ ನಮ್ಮ ಮೇಜಿಗೆ ಬಂದಳು. 'ಸರ್, ನಂದು ನಾಲ್ಕೇ. ಇದು ನಂದಲ್ಲ, ನೋಡಿ ಸರ್' ಎಂದಳು. ಎರಡು ಸಲ ಹೇಳಿದಳು. ಮೂರನೆಯ ಸಲ ಅಂಗೈಯಿಂದ ಮೇಜಿಗೆ ಬಡಿದಳು. ನೀರಿನ ಬಾಟಲಿ ಉರುಳಿತು. ರೆಫರಿ ಅಶಿಸ್ತಿಗೆಂದು ಟೆಕ್ನಿಕಲ್ ಫೌಲ್ ಕೊಟ್ಟರು. ಅವಳಿಲ್ಲದೆ ನಾವು ನಾಲ್ಕು ಪಾಯಿಂಟಿನಿಂದ ಸೋತೆವು. ಅಲ್ಲೇ ಕುಳಿತಿದ್ದ ಆಯ್ಕೆದಾರರು 'ಆಟ ಉತ್ತಮ, ಸಂಯಮ ಸಾಲದು' ಎಂದು ಬರೆದು ವಿಶ್ವವಿದ್ಯಾಲಯ ತಂಡದಿಂದ ಅವಳನ್ನು ಕೈಬಿಟ್ಟರು.

ಮೇಜು ಬಡಿದದ್ದು ತಪ್ಪೇ? ಅದೇ ವರ್ಷ ಹುಡುಗರ ಪಂದ್ಯದಲ್ಲಿ ನಮ್ಮ ಅರುಣ್ ಚೆಂಡನ್ನು ಒದ್ದು ರಸ್ತೆಗೆ ಕಳಿಸಿದ. ಅವನ ಬಗ್ಗೆ ಏನೆಂದಿರಿ? 'ಹುಡ್ಗನಿಗೆ ಕಿಚ್ಚಿದೆ!' ಎಂದಿರಿ. ಅರುಣನಲ್ಲಿರುವ ಕಿಚ್ಚು ಕುಸುಮಾಳಲ್ಲಿ ಕೊಬ್ಬು ಹೇಗಾಯಿತು? ಯಾಕೆ, ಲೈನ್‌ಮನೆಯ ಹುಡುಗಿ ಕೇಳಬಾರದೇ? ತನ್ನದಲ್ಲದ ಫೌಲನ್ನು ತನ್ನದಲ್ಲ ಎನ್ನಬಾರದೇ?

ಹೌದು, ಅದು ಅವಳದಾಗಿರಲಿಲ್ಲ.

ಸುಬ್ಬಣ್ಣನವರೇ, ದಯವಿಟ್ಟು ಸಮಯವಾಯಿತೆಂದು ಗಂಟೆ ಒತ್ತಬೇಡಿ. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದಿದೆ, ಇನ್ನು ನುಂಗುವುದಿಲ್ಲ.

ಆ ಫೌಲ್ ಮಾಡಿದವಳು ಎಂಟನೆಯ ನಂಬರಿನ ರಕ್ಷಾ. ರೆಫರಿ ಬೆರಳೆತ್ತಿ ಎಂಟು ಎಂದೇ ತೋರಿಸಿದ್ದರು. ನಾನು ಏಳನೆಯ ನಂಬರಿನ ಮುಂದೆ ಗುರುತು ಹಾಕಿದೆ. ಏಳು ಕುಸುಮಾ. ಪಕ್ಕಪಕ್ಕದ ಸಾಲು, ಕಣ್ಣು ತಪ್ಪಿತು. ಅವಳು ಮೇಜಿಗೆ ಬಂದು ಬಗ್ಗಿ 'ನೋಡಿ ಸರ್' ಎಂದಾಗ ನಾನು ನೋಡಿದೆ. ಗೊತ್ತಾಯಿತು. ಆ ಕ್ಷಣವೇ ಗೊತ್ತಾಯಿತು. ಆ ಗದ್ದಲದಲ್ಲಿ ತಾವೇ ತೋರಿಸಿದ ನಂಬರಿನ ಮೇಲೆ ಅನುಮಾನ ಬಂದ ರೆಫರಿ 'ಏನ್ರೀ ರೇವಣ್ಣ, ಸರಿ ಇದ್ಯಾ?' ಎಂದು ಕೇಳಿದರು. ನಾನು 'ಸರಿ ಇದೆ' ಎಂದೆ.

ಯಾಕೆ ಹಾಗೆಂದೆ? ರೇವಣ್ಣನ ಶೀಟ್ ಎಂದರೆ ಕಲ್ಲಿನಲ್ಲಿ ಕೊರೆದ ಹಾಗೆ ಎಂಬ ಹೆಸರಿತ್ತಲ್ಲ, ಅದಕ್ಕೆ. ಸಾವಿರ ಜನರ ಮುಂದೆ ಗೀಟು ಹೊಡೆದು ತಿದ್ದಬೇಕಲ್ಲ, ಅದಕ್ಕೆ. ಕಣದಲ್ಲಿ ಆಡಿ ಬೆಳೆದ ಹುಡುಗಿಯ ಮಾತಿಗಿಂತ ಮೇಷ್ಟ್ರ ಮಾತು ನಡೆಯುತ್ತದೆ ಎಂದು ಒಳಗೆಲ್ಲೋ ಗೊತ್ತಿತ್ತಲ್ಲ, ಅದಕ್ಕೂ ಇರಬೇಕು.

ಇನ್ನೊಂದು ಮಾತು. ರಕ್ಷಾ ಕೂಡ ಬಂದಿದ್ದಳು. ಅವಳು ಮೇಜು ಬಡಿಯಲಿಲ್ಲ. ಮೆಲ್ಲಗೆ, 'ಸರ್, ಫೌಲ್ ಮಾಡಿದ್ದು ನಾನು' ಎಂದಳು. ಯಾರು ಕೇಳಿದರು? ಮರುದಿನ ನೀವು, ಎಂಥ ಒಳ್ಳೆಯ ಮನೆತನದ ಹುಡುಗಿ, ಗೆಳತಿಗಾಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು ಎಂದು ಅವಳನ್ನು ಹೊಗಳಿದಿರಿ. ನಿಜವನ್ನು ಮೆಲ್ಲಗೆ ಹೇಳಿದವಳಿಗೆ ಹೊಗಳಿಕೆ ಸಿಕ್ಕಿತು, ಜೋರಾಗಿ ಹೇಳಿದವಳಿಗೆ ಶಿಕ್ಷೆ ಸಿಕ್ಕಿತು. ನಿಜಕ್ಕೆ ಮಾತ್ರ ಏನೂ ಸಿಗಲಿಲ್ಲ.

ನನ್ನ ಶಾಂತ ಸ್ವಭಾವದ ಬಗ್ಗೆ ಪರಿಚಯ ಭಾಷಣದಲ್ಲಿ ಬಹಳ ಹೇಳಿದರು. ಅದೆಲ್ಲಿಂದ ಬಂತು ಗೊತ್ತೇ? ಮೊದಲು ನಾನು ಕುದುರೆಮುಖದ ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿದ್ದೆ. ಗಣಿ ನಿಂತು ಊರು ಖಾಲಿಯಾಗತೊಡಗಿದಾಗ ಶಾಲೆಯೂ ಮುಚ್ಚುವುದಾಯಿತು. ಮಕ್ಕಳ ವರ್ಷ ಮುಗಿಯುವ ತನಕ ನಡೆಸಿ ಎಂದು ಹನ್ನೊಂದು ಮಂದಿ ಶಿಕ್ಷಕರು ಅರ್ಜಿ ಬರೆದು ಆಡಳಿತದವರ ಮುಂದೆ ಗಟ್ಟಿಯಾಗಿ ಕೇಳಿದರು. ನಾನು ಹನ್ನೆರಡನೆಯವನು. ಜ್ವರ ಎಂದು ಮನೆಯಲ್ಲಿ ಮಲಗಿದ್ದೆ. ಜ್ವರ ಇರಲಿಲ್ಲ. ಹೊರಡುವಾಗ ನನಗೊಬ್ಬನಿಗೇ ಒಳ್ಳೆಯ ಸರ್ಟಿಫಿಕೇಟ್ ಕೊಟ್ಟರು: 'ಶಾಂತ ಸ್ವಭಾವದವರು.' ಅದನ್ನು ತೋರಿಸಿಯೇ ನನಗೆ ಈ ಊರಿನಲ್ಲಿ ಕೆಲಸ ಸಿಕ್ಕಿತು. ಇಂಥವನು ಅವಳಿಗೆ ತಾಳ್ಮೆ ಕಲಿಸಬೇಕೇ?

ಆ ಫೈನಲ್ ಆದ ವಾರಕ್ಕೆ ಕುಸುಮಾ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮುಂದೆ ಬಂದು ನಿಂತಳು. 'ಸರ್, ನಿಮ್ಗೆ ಗೊತ್ತಿತ್ತಲ್ವಾ?' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು, 'ನಿನ್ ಬಸ್ ಬಂತು ನೋಡಮ್ಮ' ಎಂದೆ. ಯಾವ ಬಸ್ಸೂ ಬಂದಿರಲಿಲ್ಲ.

ಅವಳು ಆಮೇಲೆ ಯಾರಲ್ಲೂ ದೂರಲಿಲ್ಲ. ಮರುದಿನ ಬೆಳಿಗ್ಗೆ ಮೈದಾನದಲ್ಲಿದ್ದಳು, ಅದರ ಮರುದಿನವೂ ಇದ್ದಳು. ಈ ವರ್ಷ ಐದು ಪಂದ್ಯಗಳಲ್ಲಿ ನೂರ ಐವತ್ತಾರು ಪಾಯಿಂಟ್ ಹೊಡೆದಳು. ಆಯ್ಕೆದಾರರಿಗೆ ಅವಳನ್ನು ಬಿಡಲು ದಾರಿಯೇ ಉಳಿಯಲಿಲ್ಲ. ಬರುವ ಗುರುವಾರ ವಿಶ್ವವಿದ್ಯಾಲಯ ತಂಡದ ಜೊತೆ ಹೊರಡುತ್ತಾಳೆ. ಆದರೂ ಆ 'ಸಂಯಮ ಸಾಲದು' ಎಂಬ ಮಾತು ಕಡತದಲ್ಲಿ ಹಾಗೇ ಇದೆ. ನಾಳೆ ಬೆಳಿಗ್ಗೆ ಪ್ರಾಂಶುಪಾಲರ ಕಚೇರಿಗೆ ಬಂದು, ತಪ್ಪು ನನ್ನದು, ಗೊತ್ತಿದ್ದೂ ಮುಚ್ಚಿಟ್ಟೆ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕುತ್ತೇನೆ. ಸೋತ ಪಂದ್ಯ ಮರಳಿ ಬರುವುದಿಲ್ಲ. ಆ ಮಾತಾದರೂ ಅಳಿಯಬೇಕು. ಇನ್ನು ಮೇಲೆ ನನ್ನನ್ನು ಸ್ಕೋರ್ ಮೇಜಿಗೆ ಕರೆಯಬೇಡಿ, ಕರೆದರೂ ಬರುವುದಿಲ್ಲ. ನಾಳೆ ಬಸಮ್ಮನ ಹೋಟೆಲಿನಲ್ಲಿ ನನ್ನ ಸ್ವಭಾವವನ್ನೇ ಚರ್ಚಿಸಿ. ಅದಕ್ಕೆ ನಾನು ಯೋಗ್ಯ.

ಕುಸುಮಾ, ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ನಿನ್ನ ಮುಖ ನೋಡುತ್ತಿದ್ದೇನೆ, ನೀನು ನಗುತ್ತಿಲ್ಲ. ನಗಬೇಡ. ಫೋಟೋದವರು ಹೇಳಿದರೂ ನಗಬೇಡ. ಮುಂದೆ ಯಾವ ಊರಿನ ಮೇಜಾದರೂ ಸರಿ, ಲೆಕ್ಕ ತಪ್ಪಿದರೆ ಹೋಗಿ ಕೇಳು. ಎರಡು ಸಲ ಮೆಲ್ಲಗೆ ಕೇಳು. ಮೂರನೆಯ ಸಲ ಹೇಗೆ ಕೇಳಬೇಕೆಂದು ನಿನಗೆ ಗೊತ್ತಿದೆ.

ಕೊನೆಯದಾಗಿ ಒಂದೇ ಮಾತು, ಇದನ್ನು ಹೇಳದೆ ಇಳಿದರೆ ನಾನು ಮತ್ತೆ ಹಳೆಯ ರೇವಣ್ಣನೇ ಆಗುತ್ತೇನೆ. ಬಸ್‌ಸ್ಟ್ಯಾಂಡಿನ ಆ ಮಾತಾದ ಮೇಲೆ, ಒಂದು ಬೆಳಿಗ್ಗೆ ಕುಸುಮಾಳ ತಾಯಿ ಯಲ್ಲಮ್ಮ ಅರ್ಧ ದಿನದ ಕೆಲಸ ಬಿಟ್ಟು ನನ್ನ ಮನೆಗೆ ಬಂದಿದ್ದರು. ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, 'ಮೇಷ್ಟ್ರೇ, ನಮ್ ಹುಡ್ಗಿ ನಿಮ್ ಮೇಜು ಬಡಿದ್ಬಿಟ್ಲಂತೆ. ಬುದ್ಧಿ ಇಲ್ಲ ಅವ್ಳಿಗೆ. ತಪ್ಪಾಯ್ತು' ಎಂದು ಕೈಮುಗಿದರು. ನಾನು ಏನೆಂದೆ ಗೊತ್ತೇ? 'ಹೋಗ್ಲಿ ಬಿಡಮ್ಮ, ಚಿಕ್ಕೋಳು' ಎಂದೆ. ಅವರ ಕ್ಷಮಾಪಣೆಯನ್ನು ನಾನು ಸ್ವೀಕರಿಸಿಬಿಟ್ಟೆ, ಸಭಿಕರೇ.

ಮಾತಾಡಲು ಕರೆದ ಬಳಗಕ್ಕೆ, ಗಂಟೆ ಒತ್ತದೆ ಕೇಳಿಸಿಕೊಂಡ ಅಧ್ಯಕ್ಷರಿಗೆ, ಎದ್ದು ಹೋಗದ ನಿಮ್ಮೆಲ್ಲರಿಗೆ ನನ್ನ ಧನ್ಯವಾದಗಳು. ನಮಸ್ಕಾರ ಮಾತ್ರ ನಿಮಗಲ್ಲ. ಯಲ್ಲಮ್ಮನವರು ಅಲ್ಲಿ, ಹಿಂದೆ, ಬಾಗಿಲ ಪಕ್ಕದಲ್ಲಿ ನಿಂತಿದ್ದಾರೆ. ದಯವಿಟ್ಟು ಎಲ್ಲರೂ ಸ್ವಲ್ಪ ಸರಿದುಕೊಳ್ಳಿ, ಅವರಿಗೆ ನಾನು ಕಾಣಿಸಬೇಕು.

ಯಲ್ಲಮ್ಮನವರೇ, ತಪ್ಪಾಯಿತು. ನಮಸ್ಕಾರ.